ಮರ ಎಣಿಸಿದ್ದಾಯ್ತು, ಬುಡ ನೋಡಿದಿರಾ?

ಬೆರಕೆ ಸೊಪ್ಪನ್ನು ಅಂಗಡಿಯಿಂದ ತಂದೆ ಎಂದರೆ ಮಂಡ್ಯದ ಕಡೆಯ ಅಜ್ಜಿಯರು ನಗುತ್ತಾರೆ. ಅದು ಕಿತ್ತು ತರುವ ಸೊಪ್ಪು, ಕೊಳ್ಳುವುದಲ್ಲ. ಮುಂಗಾರಿನ ಎರಡು ಹದ ಮಳೆ ಬಿದ್ದರೆ ಸಾಕು, ಸೆರಗನ್ನು ಮಡಿಲು ಕಟ್ಟಿಕೊಂಡು ಹೊರಟುಬಿಡುತ್ತಾರೆ. ಅಣ್ಣೆ, ಗಣಿಕೆ, ಕೊಮ್ಮೆ, ಹೊನಗೊನೆ, ಗೋಣಿ, ಕೀರೆ, ಎಳೆ ತಗಚೆ. ಒಂದೊಂದು ಹಿಡಿ ಸೇರಿ ಹತ್ತು ಬಗೆ ಆದರೆ ಒಂದು ಸಾರು. ಮೊದಲು ಇದೆಲ್ಲ ಹೊಲದ ಬದುವಿನಲ್ಲೇ ಸಿಗುತ್ತಿತ್ತು. ಈಗ ಬದುವಿಗೂ ಕಳೆನಾಶಕ ಹೊಡೆಯುತ್ತಾರೆ. ಹಾಗಾಗಿ ಉಳಿದಿರುವುದು ಎರಡೇ ಜಾಗ: ನಾಲೆ ಏರಿ ಮತ್ತು ರಸ್ತೆ ಅಂಚು.

ಹೋದ ಮುಂಗಾರಿನಲ್ಲಿ ಪಾಂಡವಪುರದ ಕಡೆಯ ಒಂದು ನಾಲೆ ರಸ್ತೆಯಲ್ಲಿ ಬೈಕ್ ನಿಲ್ಲಿಸಿದ್ದೆ. ರಸ್ತೆ ಪಕ್ಕ ಸ್ವಲ್ಪ ದೂರ ಅಕೇಶಿಯಾ ಸಾಲು. ಅದು ಮುಗಿದ ಕಡೆಯಿಂದ ಹಳೇ ಹೊಂಗೆ ಮರಗಳು. ಒಬ್ಬ ಅಜ್ಜಿ ಅಕೇಶಿಯಾ ಸಾಲಿನ ಕಡೆ ತಿರುಗಿಯೂ ನೋಡದೆ ದಾಟಿಕೊಂಡು ಹೋಗಿ ಹೊಂಗೆ ಬುಡದಲ್ಲಿ ಕೂತರು. ‘ಅಜ್ಜಿ, ಅಲ್ಲೂ ಮರ ಇದೆಯಲ್ಲ, ಅಲ್ಲಿ ಸೊಪ್ಪು ಸಿಗಲ್ವಾ?’ ಎಂದೆ. ‘ಅದ್ರ ಬುಡ್ದಲ್ಲಿ ಏನಪ್ಪ ಬಂದದು? ಬರೀ ತರಗು. ಗರಿಕೆನೂ ಬರಕಿಲ್ಲ’ ಎಂದು ಕೈ ನಿಲ್ಲಿಸದೆ ಹೇಳಿದರು.

ಅವರು ಹೋದ ಮೇಲೆ ನಾನೂ ಎರಡೂ ಕಡೆ ಕುಕ್ಕರಗಾಲಲ್ಲಿ ಕೂತು ನೋಡಿದೆ. ನಾಲ್ಕು ಕಡ್ಡಿ ನೆಟ್ಟು, ಸುತ್ತ ಹಗ್ಗ ಎಳೆದು, ಒಂದು ಮೀಟರ್ ಚೌಕ ಮಾಡಿಕೊಂಡೆ. ಅಕೇಶಿಯಾ ಕೆಳಗೆ ಕುಡುಗೋಲಿನ ಆಕಾರದ ಒಣ ಎಲೆಗಳ ದಪ್ಪ ಹಾಸು. ಕೈಯಲ್ಲಿ ಸರಿಸಿದರೆ ಪದರ ಪದರವಾಗಿ ಎದ್ದು ಬರುತ್ತದೆ. ಅಡಿಯಲ್ಲಿ ಬಿಳಿ ಬೂಷ್ಟಿನ ಎಳೆಗಳು. ಬದುಕಿದ್ದ ಹಸಿರು ಎಂದರೆ ಒಂದು ಲಂಟಾನ, ಅಕೇಶಿಯಾದ್ದೇ ಕೆಲವು ಸಸಿ. ಹೊಂಗೆಯ ಕೆಳಗಿನ ಚೌಕದಲ್ಲಿ ತುಂಬೆ, ನೆಲನೆಲ್ಲಿ, ಉತ್ತರಾಣಿ, ಗಣಿಕೆ, ಕೊಮ್ಮೆ, ಎರಡೆಲೆ ಬಿಟ್ಟ ಬೇವಿನ ಸಸಿ, ಕಾಂಡಕ್ಕೆ ಸುತ್ತಿಕೊಂಡು ಹತ್ತುತ್ತಿದ್ದ ತೊಂಡೆ ಬಳ್ಳಿ. ನಾಲೆ ನೀರು ಒಸರುವ ಕಡೆ ಒಂದೆಲಗ. ನೆರಳು ಮುಗಿಯುವ ಗೆರೆಯ ಆಚೆ ಗರಿಕೆ.

ಒಂದು ರಸ್ತೆ ನೋಡಿ ಸಿದ್ಧಾಂತ ಕಟ್ಟುವ ಹಾಗಿಲ್ಲ, ಗೊತ್ತು. ಆ ಹೊಂಗೆಗಳು ಹಳೆಯವು, ಅಕೇಶಿಯಾ ಈಚಿನದ್ದು. ಆದರೂ ಮಣ್ಣು ಒಂದೇ, ಮಳೆ ಒಂದೇ, ಮೇಯುವ ಆಡುಗಳೂ ಅವೇ. ಬದಲಾಗಿದ್ದು ಮುಖ್ಯವಾಗಿ ಮರ. ಯಾವ ಮರ ನೆಡುತ್ತೇವೆ ಎಂದು ತೀರ್ಮಾನ ಮಾಡಿದ ದಿನವೇ ಮುಂದಿನ ನಲವತ್ತು ವರ್ಷ ಅದರ ಬುಡದಲ್ಲಿ ಏನು ಹುಟ್ಟಬೇಕು ಎಂಬುದನ್ನೂ ಬಹುಮಟ್ಟಿಗೆ ತೀರ್ಮಾನ ಮಾಡಿರುತ್ತೇವೆ. ಆ ಎರಡನೇ ತೀರ್ಮಾನ ಮಾತ್ರ ಯಾರ ಗಮನಕ್ಕೂ ಬಾರದೆ ಆಗಿಹೋಗುತ್ತದೆ.

ಈಗ ಈ ಮಾತು ಯಾಕೆ ಎಂದರೆ, ನಮ್ಮ ಮೈಸೂರು, ಮಂಡ್ಯ ಎರಡೂ ಜಿಲ್ಲೆಗಳಲ್ಲಿ ರಸ್ತೆ ಬದಿಯ ಮರಗಳು ಒಂದು ತಲೆಮಾರಿನಲ್ಲೇ ಬದಲಾಗುತ್ತಿವೆ. ಮೈಸೂರು–ಬೆಂಗಳೂರು ಹೆದ್ದಾರಿಯನ್ನು ಹತ್ತು ಪಥ ಮಾಡುವಾಗ ಹಳೇ ಸಾಲುಮರಗಳು ಹೋದವು. ಸುಮಾರು 119 ಕಿ.ಮೀ. ಉದ್ದದ ಆ ರಸ್ತೆ 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯಿತು. 2025ರ ಏಪ್ರಿಲ್‌ನಲ್ಲಿ ಮೈಸೂರಿನ ಹೈದರಾಲಿ ರಸ್ತೆಯಲ್ಲಿ ರಸ್ತೆ ಅಗಲ ಮಾಡಲು 40 ಮರ ಕಡಿದಾಗ ಊರೇ ಸಿಟ್ಟಾಯಿತು. ಪ್ರತಿಭಟನೆಯಾಯಿತು, ಮೇಣದಬತ್ತಿ ಹಚ್ಚಿದರು. ಒಂದು ಮರಕ್ಕೆ ಇಷ್ಟು ಸಸಿ ನೆಡಿ ಎಂಬ ಬೇಡಿಕೆ ಇಂಥ ಪ್ರತಿ ಸಲವೂ ಏಳುತ್ತದೆ. ನ್ಯಾಯವೇ. ಆದರೆ ಬೇಡಿಕೆ ಸಂಖ್ಯೆಗೆ ನಿಂತುಬಿಡುತ್ತದೆ. ಯಾವ ಸಸಿ, ಎಷ್ಟು ಅಂತರ, ಬುಡದಲ್ಲಿ ಏನು ಬಿಡುತ್ತೀರಿ ಎಂದು ಕೇಳಿದವರನ್ನು ನಾನು ಕಂಡಿಲ್ಲ.

ಗಿಡ ನೆಡುವ ಇಲಾಖೆಗಳ ಕಡತಗಳೂ ಹಾಗೇ. ಕಾಲಂಗಳಿರುತ್ತವೆ: ಜಾತಿ, ಸಂಖ್ಯೆ, ಕಿ.ಮೀ., ಬದುಕಿದ ಸಸಿ ಶೇಕಡಾ ಎಷ್ಟು. ಕೇಂದ್ರದ 2015ರ ಹಸಿರು ಹೆದ್ದಾರಿ ನೀತಿ ಯೋಜನೆಯ ಸಿವಿಲ್ ವೆಚ್ಚದ ಶೇ. 1ರಷ್ಟನ್ನು ಗಿಡ ನೆಡಲು, ನೋಡಿಕೊಳ್ಳಲು ಇಡಬೇಕು ಎನ್ನುತ್ತದೆ. ಸಾವಿರಾರು ಕೋಟಿಯ ರಸ್ತೆಗೆ ಶೇ. 1 ಎಂದರೆ ಸಣ್ಣ ದುಡ್ಡೇನಲ್ಲ. ಆ ದುಡ್ಡಿನಲ್ಲಿ ನೆಲದ ಮೇಲಿನ ಗಿಡಗಂಟಿಯ ಲೆಕ್ಕಕ್ಕೆ ಒಂದು ಕಾಲಂ ಸೇರಿಸಬಾರದೆ?

ಇರಲಿ. ಮರ ತನ್ನ ಬುಡವನ್ನು ಹೇಗೆ ಆಳುತ್ತದೆ ಎಂಬುದನ್ನು ನೋಡೋಣ. ಎಲ್ಲರಿಗೂ ಮೊದಲು ಹೊಳೆಯುವುದು ನೆರಳು. ದಟ್ಟ ನೆರಳಿದ್ದರೆ ಏನೂ ಬೆಳೆಯಲ್ಲ, ತೆಳು ನೆರಳಿದ್ದರೆ ಬೆಳೆಯುತ್ತದೆ ಎಂದು. ಅರ್ಧ ನಿಜ. ಪೂರ್ತಿ ನಿಜ ಆಗಿದ್ದರೆ ನೀಲಗಿರಿ ತೋಪಿನಲ್ಲಿ ಹುಲ್ಲು ಮೊಣಕಾಲೆತ್ತರ ಇರಬೇಕಿತ್ತು. ಯಾಕೆಂದರೆ ನೀಲಗಿರಿ ಎಲೆ ಜೋತು ಬೀಳುತ್ತದೆ, ಅಂಚು ಸೂರ್ಯನ ಕಡೆಗೆ. ಬಿಸಿಲು ಸಲೀಸಾಗಿ ಕೆಳಗೆ ಇಳಿಯುತ್ತದೆ. ಮಧ್ಯಾಹ್ನ ನೀಲಗಿರಿ ಕೆಳಗೆ ನಿಂತವರಿಗೆ ಗೊತ್ತು, ಅದು ನೆರಳೇ ಅಲ್ಲ. ಆದರೂ ನಾಗಮಂಗಲದ ಕಡೆಯ ಒಣ ದಿಬ್ಬಗಳಲ್ಲಿ ನೀಲಗಿರಿ ಬುಡ ಬೋಳು.

ಅದಕ್ಕೆ ಎರಡು ಕಾರಣ. ಒಂದು ನೀರು. ಮೈಸೂರು, ಮಂಡ್ಯ ಬಯಲಿಗೆ ವರ್ಷಕ್ಕೆ ಬೀಳುವುದು ಸುಮಾರು 700ರಿಂದ 800 ಮಿ.ಮೀ. ಮಳೆ. ಮೇಲ್ಮಣ್ಣಿನ ತೇವವನ್ನು ನೀಲಗಿರಿಯ ಹರಡಿದ ಬೇರುಗಳು ಬೇಗ ಹೀರಿಕೊಳ್ಳುತ್ತವೆ. ಬೆರಳುದ್ದ ಬೇರಿನ ನೆಲನೆಲ್ಲಿಗೆ ಸಿಗುವುದೇನು? ಇನ್ನೊಂದು ಎಲೆ. ಅದರಲ್ಲಿರುವ ಎಣ್ಣೆ, ಒಗರಿನ ಅಂಶಗಳು ಬೇರೆ ಬೀಜ ಮೊಳೆಯುವುದನ್ನು ತಡೆಯುತ್ತವೆ ಎಂದು ಪ್ರಯೋಗಶಾಲೆಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಹೊಲದಲ್ಲಿ ಇದರ ಪಾಲೆಷ್ಟು, ನೀರಿನ ಪಾಲೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ಹೆಚ್ಚು ಮಳೆ ಬೀಳುವ ಕಡೆ ನೀಲಗಿರಿ ಕೆಳಗೂ ಗಿಡಗಂಟಿ ಬರುತ್ತದೆ. ಅದನ್ನು ನೋಡಿದರೆ ನಮ್ಮ ಬಯಲಿನಲ್ಲಿ ನೀರಿನ ಪಾಲೇ ಜಾಸ್ತಿ ಎಂದು ನನಗೆ ಅನಿಸುತ್ತದೆ.

ಈ ಮರಕ್ಕೂ ನಮಗೂ ಹೆಸರಿನ ನಂಟೂ ಇದೆ. ದೇಶದ ತುಂಬ ನೆಟ್ಟ ನೀಲಗಿರಿ ತಳಿಗೆ ಮೈಸೂರ್ ಗಮ್ ಎಂದೇ ಹೆಸರು. ಟಿಪ್ಪು ಕಾಲದಲ್ಲಿ, 1790ರ ಸುಮಾರಿಗೆ, ನಂದಿಬೆಟ್ಟದಲ್ಲಿ ನೆಟ್ಟ ಮರಗಳಿಂದ ಬಂದ ತಳಿ ಅದು ಎನ್ನುತ್ತಾರೆ. 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಅದೇ ಎಲ್ಲ ಕಡೆ ಹರಡಿತು. 1983ರಲ್ಲಿ ತುಮಕೂರು ಜಿಲ್ಲೆಯ ರೈತರು ನರ್ಸರಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತರು. ಕಿತ್ತು ಸುಮ್ನೆ ಬರಲಿಲ್ಲ, ಆ ಜಾಗದಲ್ಲಿ ಹುಣಸೆ, ಮಾವಿನ ಬೀಜ ಊರಿ ಬಂದರು. ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರ ನಿಷೇಧಿಸಿದ್ದು 2017ರಲ್ಲಿ. ನಡುವೆ ಮೂವತ್ತನಾಲ್ಕು ವರ್ಷ.

ಅಕೇಶಿಯಾದ ಕಥೆ ಬೇರೆ. ನಾವು ಅದರ ಎಲೆ ಎನ್ನುವುದು ನಿಜವಾದ ಎಲೆಯಲ್ಲ, ಚಪ್ಪಟೆಯಾದ ಎಲೆತೊಟ್ಟು. ಆಸ್ಟ್ರೇಲಿಯಾದ ಒಣ ಹವೆಗೆ ಒಗ್ಗಿಕೊಂಡ ಚರ್ಮದಂಥ ವಸ್ತು. ಬಿದ್ದರೆ ಬೇಗ ಕೊಳೆಯುವುದಿಲ್ಲ. ವರ್ಷದ ಮೇಲೆ ವರ್ಷ ಪದರ ಬೆಳೆಯುತ್ತದೆ. ಸಾಸಿವೆ ಗಾತ್ರದ ತುಂಬೆ ಬೀಜ ಆ ಹಾಸಿನ ಮೇಲೆ ಬಿದ್ದರೆ ಮಣ್ಣು ಮುಟ್ಟುವುದೇ ಇಲ್ಲ. ಮೊಳೆತರೂ ಬೇರು ಗಾಳಿಯಲ್ಲೇ ಒಣಗುತ್ತದೆ. ದೊಡ್ಡ ಬೀಜ ಇರುವವು ಮಾತ್ರ ಹಾಸನ್ನು ತೂರಿಕೊಂಡು ಬೇರು ಇಳಿಸಬಲ್ಲವು. ಹಾಗಾಗಿ ಮರ ಯಾವುದೇ ವಿಷ ಸುರಿಸದೆಯೂ, ಬರೀ ಎಲೆ ಉದುರಿಸಿಯೇ, ಸಣ್ಣ ಬೀಜದ ಸೊಪ್ಪುಸದೆಯನ್ನೆಲ್ಲ ಹೊರಗೆ ಹಾಕುತ್ತದೆ.

ಹೊಂಗೆ ಎಲೆ ಇದಕ್ಕೆ ತದ್ವಿರುದ್ಧ. ಗದ್ದೆಗೆ ಹೊಂಗೆ ಸೊಪ್ಪು ತುಳಿದ ಹಳಬರನ್ನು ಕೇಳಿ. ನಾಟಿಗೆ ಮುಂಚೆ ಹೊರೆ ಹೊರೆ ತಂದು ಕೆಸರಿಗೆ ಹಾಕಿ ತುಳಿಯುತ್ತಿದ್ದರು. ಕೆಲವೇ ವಾರಗಳಲ್ಲಿ ಕರಗಿ ಗೊಬ್ಬರ. ಅದೇ ಎಲೆ ಮಾಘ, ಫಾಲ್ಗುಣದಲ್ಲಿ ರಸ್ತೆ ಬದಿಗೆ ಉದುರುತ್ತದೆ. ಮುಂಗಾರು ಬರುವ ಹೊತ್ತಿಗೆ ಪುಡಿಯಾಗಿ ಮಣ್ಣಿಗೆ ಸೇರಿರುತ್ತದೆ. ಬೀಜ ಮೊಳೆಯುವ ಹೊತ್ತಿಗೆ ನೆಲ ಖಾಲಿ, ತಂಪು, ಸಾರವುಳ್ಳದ್ದು. ಹೊಂಗೆಯ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನೂ ಹಿಡಿದಿಡುತ್ತವೆ.

ಅಕೇಶಿಯಾವೂ ಸಾರಜನಕ ಹಿಡಿಯುತ್ತದಲ್ಲ ಎಂದು ಕೇಳಬಹುದು. ಹಿಡಿಯುತ್ತದೆ. ಸುಬಾಬುಲ್ ಮರ ಕೂಡ. ಹಾಗಾಗಿ ಸಾರಜನಕ ಒಂದೇ ನೋಡಿದರೆ ಸಾಲದು. ಸಾರ ಜಾಸ್ತಿಯಾದರೆ ಎಲ್ಲ ಗಿಡಕ್ಕೂ ಸಮ ಲಾಭ ಆಗುವುದಿಲ್ಲ. ರಭಸದಿಂದ ಎದ್ದು ಬೆಳೆಯುವ ಎರಡು ಮೂರು ಗಿಡ ಉಳಿದವನ್ನು ಮುಚ್ಚಿಬಿಡುತ್ತವೆ. ಸುಬಾಬುಲ್ ಅಂತೂ ತನ್ನ ಬೀಜವನ್ನೇ ಸುತ್ತ ಚೆಲ್ಲಿ ತನ್ನದೇ ಮಕ್ಕಳ ಪೊದೆ ಕಟ್ಟುತ್ತದೆ. ಬುಡ ಹಸಿರಾಗಿ ಕಾಣುತ್ತದೆ. ಹತ್ತಿರ ಹೋದರೆ ಇರುವುದು ಒಂದೇ ಗಿಡ.

ಇಲ್ಲಿಗೆ ದೇಶಿ ಒಳ್ಳೆಯದು, ವಿದೇಶಿ ಕೆಟ್ಟದ್ದು ಎಂದು ಬರೆದು ಮುಗಿಸಿದರೆ ಓದುವವರಿಗೂ ಹಾಯಿ, ನನಗೂ ಹಾಯಿ. ಆದರೆ ಮರದ ಬುಡ ಆ ಲೆಕ್ಕಕ್ಕೆ ಸಿಗುವುದಿಲ್ಲ. ಹುಣಸೆ ನೋಡಿ. ಅದಿಲ್ಲದೆ ನಮ್ಮ ಸಾರೇ ಇಲ್ಲ. ನೂರಾರು ವರ್ಷದಿಂದ ನಮ್ಮದೇ ಎಂದು ಬೆಳೆಸಿದ್ದೇವೆ, ರಸ್ತೆ ಬದಿಯ ಹುಣಸೆ ಹಣ್ಣನ್ನು ವರ್ಷ ವರ್ಷ ಹರಾಜು ಹಾಕುತ್ತೇವೆ. ಮೂಲ ಆಫ್ರಿಕಾ, ಅದು ಬಿಡಿ. ಹುಣಸೆ ಬುಡದಲ್ಲಿ ಏನೂ ಬೆಳೆಯಲ್ಲ ಎಂದು ರೈತರು ಹೇಳುವುದು ಸುಮ್ನೆ ಅಲ್ಲ. ವರ್ಷದ ಬಹುಪಾಲು ದಟ್ಟ ನೆರಳು, ಹುಳಿ ಎಲೆಯ ಸಣ್ಣ ತರಗು. ರಾತ್ರಿ ಹುಣಸೆ ಕೆಳಗೆ ಮಲಗಬೇಡ, ದೆವ್ವ ಇದೆ ಎಂದು ಹೆದರಿಸುತ್ತಿದ್ದರಲ್ಲ, ಆ ಬೋಳು ನೆಲ ನೋಡಿಯೇ ಆ ಕಥೆ ಹುಟ್ಟಿರಬೇಕು ಎಂಬ ಗುಮಾನಿ ನನಗೆ.

ಈಗ ಮಳೆಮರ ನೋಡಿ. ದಕ್ಷಿಣ ಅಮೆರಿಕದ ಕಡೆಯಿಂದ ಬಂದದ್ದು, ಅಪ್ಪಟ ವಿದೇಶಿ. ಕೊಡೆಯಂಥ ಚಪ್ಪರ ರಸ್ತೆಯ ಆಚೆ ಬದಿಯವರೆಗೂ ಚಾಚುತ್ತದೆ. ಆದರೆ ಅದರ ಕಿರುಎಲೆಗಳು ಸಂಜೆಯಾದರೆ, ಮೋಡ ಮುಸುಕಿದರೆ ಮಡಚಿಕೊಳ್ಳುತ್ತವೆ. ಮಳೆ ಹನಿ ಎಲೆಯ ಮೇಲೆ ನಿಂತು ಆವಿಯಾಗುವುದರ ಬದಲು ನೇರ ನೆಲಕ್ಕೆ ಇಳಿಯುತ್ತದೆ. ತರಗು ಅವಲಕ್ಕಿಯಷ್ಟು ಸಣ್ಣದು, ಬೇಗ ಮಣ್ಣಾಗುತ್ತದೆ. ಬೇಸಿಗೆಯಲ್ಲೂ ಮಳೆಮರದ ಕೆಳಗೆ ಹುಲ್ಲು ಹಸಿರಾಗಿರುವುದನ್ನು ನೋಡಿದ್ದೇನೆ. ಆದರೆ ಇನ್ನೊಂದು ಖಂಡದಿಂದ ಬಂದ ಗುಲ್‌ಮೊಹರ್ ಕೆಳಗೆ ಅಷ್ಟು ಚೆಂದ ಇಲ್ಲ. ಬೇರುಗಳು ಮೇಲೇ ಹರಿದು ನೆಲವನ್ನು ಹಿಡಿದುಬಿಡುತ್ತವೆ.

ಹಾಗಾದರೆ ದೇಶಿ ಮರಕ್ಕೆ ವಿಶೇಷ ಏನೂ ಇಲ್ಲವೇ? ಇದೆ. ಅದನ್ನು ಕಾಣಬೇಕಾದರೆ ಬುಡ ಬಿಟ್ಟು ಕೊಂಬೆ ನೋಡಬೇಕು.

ಬೆಳಿಗ್ಗೆ ಆರೂವರೆಗೆ ಹಣ್ಣು ಬಿಟ್ಟ ಆಲದ ಮರದ ಕೆಳಗೆ ನಿಂತುಕೊಳ್ಳಿ. ತಲೆಗೆ ಟೋಪಿ ಇರಲಿ. ಗೊರವಂಕ, ಪಿಕಳಾರ, ಕುಟ್ರ ಹಕ್ಕಿ, ಕೋಗಿಲೆ, ಒಂದೇ ಸಮ ಗದ್ದಲ. ರಾತ್ರಿ ಬಾವಲಿಗಳ ಪಾಳಿ. ಇವೆಲ್ಲ ಬರುವ ಮುಂಚೆ ಬೇರೆಲ್ಲೋ ಬೇವಿನ ಹಣ್ಣು, ಕಾರೆ, ತೊಂಡೆ, ಗಣಿಕೆ ತಿಂದು ಬಂದಿರುತ್ತವೆ. ಇಲ್ಲಿ ಕೂತು ಹಿಕ್ಕೆ ಹಾಕುತ್ತವೆ. ಮರದ ಕೆಳಗೆ ಪ್ರತಿದಿನ ಒಂದು ಬಿತ್ತನೆ. ನಾನು ನೋಡಿದ ಆ ಚೌಕದಲ್ಲಿ ಬೇವಿನ ಸಸಿ, ತೊಂಡೆ, ಗಣಿಕೆ ಇದ್ದದ್ದು ಹೀಗೇ. ಯಾರೂ ಬಿತ್ತಿರಲಿಲ್ಲ. ಹೊಂಗೆಯ ಹಣ್ಣನ್ನು ಹಕ್ಕಿ ತಿನ್ನುವುದಿಲ್ಲ ನಿಜ, ಅದರ ಕೊಂಬೆ ಬರೀ ಕೂರುವ ಜಾಗ. ಐವತ್ತು ಹೆಜ್ಜೆ ಆಚೆ ಒಂದು ಅತ್ತಿ ಮರ ಇತ್ತು. ಅದರ ದಾಕ್ಷಿಣ್ಯ ಇದು.

ಆಲ, ಅರಳಿ, ಅತ್ತಿ, ಬಸರಿ, ಗೋಣಿ ಎಲ್ಲ ಒಂದೇ ಬಳಗ. ಒಂದು ಮರ ಈಗ ಹಣ್ಣು ಬಿಟ್ಟರೆ ಇನ್ನೊಂದು ಮೂರು ತಿಂಗಳ ನಂತರ. ಬೇರೆ ಹಣ್ಣು ಇಲ್ಲದ ಹೊತ್ತಿನಲ್ಲೂ ಹಕ್ಕಿಗಳಿಗೆ ಇಲ್ಲಿ ಊಟ ಇರುತ್ತದೆ. ಇದರಲ್ಲಿ ಗೋಣಿ ಮರದ (ಸೊಪ್ಪಿನ ಗೋಣಿ ಬೇರೆ) ಹಳೆಯ ಸಸ್ಯಶಾಸ್ತ್ರದ ಹೆಸರು ಫೈಕಸ್ ಮೈಸೊರೆನ್ಸಿಸ್. ಮೈಸೂರಿನ ಹೆಸರು ಹೊತ್ತ ಮರಗಳಲ್ಲಿ ಒಂದು ನೀಲಗಿರಿ, ಇನ್ನೊಂದು ಇದು. ಒಂದನ್ನು ಊರೂರಿಗೂ ಹಂಚಿದೆವು. ಇನ್ನೊಂದರ ಸಸಿ ನರ್ಸರಿಯಲ್ಲಿ ಕೇಳಿ ನೋಡಿ, ಯಾವುದು ಸಾರ್ ಅದು ಎಂದು ನಿಮ್ಮನ್ನೇ ಕೇಳುತ್ತಾರೆ.

ಕಾಯಿ ಸಿಡಿಸುವ, ಗಾಳಿಗೆ ಬೀಜ ಬಿಡುವ ಮರಗಳ ಮೇಲೆ ಹಣ್ಣು ತಿನ್ನುವ ಹಕ್ಕಿಗೆ ಕೆಲಸ ಕಡಿಮೆ. ಗುಲ್‌ಮೊಹರ್, ಪೆಲ್ಟೋಫೋರಂ, ಟಬೆಬುಯಾ ಎಲ್ಲ ಈ ಗುಂಪು. ಫೆಬ್ರುವರಿಯಲ್ಲಿ ಟಬೆಬುಯಾ ಹೂ ಬಿಟ್ಟರೆ ಮೈಸೂರಿನವರ ಮೊಬೈಲ್ ತುಂಬ ಅದೇ ಫೋಟೊ. ನನ್ನದರಲ್ಲೂ ಇದೆ. ಒಂದೆರಡು ರಸ್ತೆಗೆ ಚೆಂದ, ಬೇಡ ಎನ್ನುವುದಿಲ್ಲ. ಆದರೆ ಹತ್ತು ಕಿ.ಮೀ. ಒಂದೇ ಸಮ ಅದನ್ನೇ ನೆಟ್ಟರೆ ಆ ಹತ್ತು ಕಿ.ಮೀ. ಮೇಲಿನಿಂದ ಬೀಳುವ ಬೀಜದ ಮಳೆ ನಿಂತ ಹಾಗೆ.

ಹಕ್ಕಿಗೆ ಒಳ್ಳೆಯ ಬೀಜ, ಕೆಟ್ಟ ಬೀಜ ಎಂಬ ಭೇದ ಇಲ್ಲ. ಲಂಟಾನವನ್ನೂ ಅವೇ ತರುತ್ತವೆ. ಹಾಗಾಗಿ ಅತ್ತಿ ನೆಟ್ಟು ಕೈ ತೊಳೆದುಕೊಂಡರೆ ಆಗುವುದಿಲ್ಲ. ಲಂಟಾನ ಸಣ್ಣದಿರುವಾಗ ಕೀಳುವವರು ಬೇಕು. ಎದೆಯೆತ್ತರ ಬೆಳೆದ ಮೇಲೆ ಜೆಸಿಬಿ ಬೇಕಾಗುತ್ತದೆ. ಜೆಸಿಬಿ ಬಂದರೆ ನೆಲ ಕೆದರುತ್ತದೆ. ನೆಲ ಕೆದರಿದರೆ ಪಾರ್ಥೇನಿಯಂ.

ನಾವು ಕಾಂಗ್ರೆಸ್ ಗಿಡ ಎನ್ನುವ ಈ ಪಾರ್ಥೇನಿಯಂ 1955ರಲ್ಲಿ ಪುಣೆಯಲ್ಲಿ ಕಂಡಿತು. ಅದನ್ನು ತಿನ್ನುವ ಮೆಕ್ಸಿಕೋದ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ದುಂಬಿ ಮಳೆಗಾಲದಲ್ಲಿ ಚೆನ್ನಾಗಿ ತಿನ್ನುತ್ತದೆ, ಗಿಡ ಮಾತ್ರ ಮುಗಿಯಲಿಲ್ಲ. ರಸ್ತೆ ಬದಿಯ ಮಟ್ಟಿಗೆ ಕಂಡುಕೊಂಡದ್ದು ಇಷ್ಟು: ಪಾರ್ಥೇನಿಯಂಗೆ ಬಿಸಿಲು ಮತ್ತು ಕೆದರಿದ ಬೋಳು ಮಣ್ಣು ಎರಡೂ ಇಷ್ಟ. ಕೇಬಲ್ ಹಾಕಲು ಅಗೆದ ಕಾಲುವೆಯ ಉದ್ದಕ್ಕೂ ಅದು ಗೆರೆ ಎಳೆದ ಹಾಗೆ ಹುಟ್ಟುತ್ತದೆ. ಮಿತವಾದ ನೆರಳು, ನೆಲ ಮುಚ್ಚಿರುವ ಗರಿಕೆ ಅಥವಾ ತಗಚೆ ಇದ್ದರೆ ಸೊರಗುತ್ತದೆ. ಕೊಂಬೆಗಳನ್ನು ವಿದ್ಯುತ್ ತಂತಿಗೆ ತಾಗುತ್ತದೆ ಎಂದು ಬುಡಮಟ್ಟ ಸವರಿದ ಮರುವರ್ಷ ಆ ಮರದ ಕೆಳಗೆ ಹೋಗಿ ನೋಡಿ. ಕಾಂಗ್ರೆಸ್ ಗಿಡ ಹಾಜರ್.

ಇಷ್ಟು ಹೇಳಿದ ಮೇಲೆ ಸಸಿ ಆರಿಸುವವರ ಕಷ್ಟವನ್ನೂ ಹೇಳಬೇಕು. ಅವರೇನು ದಡ್ಡರಲ್ಲ. ಜೂನ್‌ನಲ್ಲಿ ನೆಟ್ಟರೆ ಮೂರು ವರ್ಷ ನೋಡಿಕೊಳ್ಳಲು ದುಡ್ಡು. ಆಮೇಲೆ ದೇವರೇ ಗತಿ. ಆಡು ತಿನ್ನಬಾರದು, ನೀರಿಲ್ಲದಿದ್ದರೂ ಬದುಕಬೇಕು, ಬೇಗ ಎತ್ತರ ಆಗಬೇಕು, ಬಿರುಗಾಳಿಗೆ ಕೊಂಬೆ ಮುರಿದು ಕಾರಿನ ಮೇಲೆ ಬೀಳಬಾರದು. ಅಕೇಶಿಯಾ ಈ ಪರೀಕ್ಷೆಯ ಮೊದಲ ಮೂರರಲ್ಲಿ ಪಾಸು. ಹೊಂಗೆ ಕೂಡ. ದನ, ಆಡು ಅದನ್ನು ಅಷ್ಟಾಗಿ ಮುಟ್ಟುವುದಿಲ್ಲ. ಅತ್ತಿ, ಆಲ ಎಂದರೆ ಆಡಿಗೆ ಹಬ್ಬ. ಅದಕ್ಕೆ ಗಟ್ಟಿ ಬೇಲಿ ಬೇಕು, ಆಳೆತ್ತರದ ಸಸಿ ಬೇಕು, ಖರ್ಚು ಜಾಸ್ತಿ. ಆಲಕ್ಕೆ ಜಾಗವೂ ಬೇಕು. ಮಾಗಡಿ ಕಡೆ ಹುಲಿಕಲ್–ಕುದೂರು ರಸ್ತೆಯಲ್ಲಿ ಸಾಲುಮರದ ತಿಮ್ಮಕ್ಕ ಬೆಳೆಸಿದ 385 ಆಲದ ಮರಗಳನ್ನು ಎಲ್ಲರೂ ಕೊಂಡಾಡುತ್ತೇವೆ. ಮಕ್ಕಳ ಹಾಗೆ ನೋಡಿಕೊಂಡರು, ಕೊಡದಲ್ಲಿ ನೀರು ಹೊತ್ತು ಹಾಕಿದರು. ಟೆಂಡರ್‌ನಲ್ಲಿ ಅದಕ್ಕೆ ದರ ಇಲ್ಲ.

ಹಾಗಾಗಿ ಎಲ್ಲ ಕಡೆ ಆಲ ನೆಡಿ ಎಂದು ನಾನು ಹೇಳುತ್ತಿಲ್ಲ. ಬೆರೆಸಿ ನೆಡಿ ಎನ್ನುತ್ತಿದ್ದೇನೆ. ಹತ್ತು ಹೊಂಗೆ, ಬೇವಿಗೆ ಒಂದು ಅತ್ತಿ ಅಥವಾ ಬಸರಿ ಬಂದರೂ ಹಕ್ಕಿ ಬರುತ್ತದೆ, ಬಿತ್ತನೆ ಶುರುವಾಗುತ್ತದೆ. ನಡುನಡುವೆ ನೇರಳೆ, ಬಾಗೆ, ಕಕ್ಕೆ. ಎಲೆ ಉದುರುವ ಕಾಲ ಒಂದೊಂದಕ್ಕೂ ಬೇರೆ. ಹೀಗೆ ಬೆರೆತರೆ ಬಿಸಿಲು ನೆಲಕ್ಕೆ ಒಂದೇ ಸಲ ಬಂದು ಒಂದೇ ಸಲ ಹೋಗುವುದಿಲ್ಲ. ಇಲ್ಲಿ ಸ್ವಲ್ಪ, ಅಲ್ಲಿ ಸ್ವಲ್ಪ ಬೀಳುತ್ತಿರುತ್ತದೆ. ನೆರಳು ಬೇಕಾದ ಗಿಡಕ್ಕೆ ನೆರಳು, ಬಿಸಿಲು ಬೇಕಾದ ಅಣ್ಣೆಗೆ ಬಿಸಿಲು. ಮೈಸೂರಿನವರಿಗೆ ಆಸೆ ಹುಟ್ಟಿಸುವ ಮಾತೊಂದು ಇದೆ. ಶ್ರೀಗಂಧದ ಬೀಜವನ್ನೂ ಹಕ್ಕಿಯೇ ತರುವುದು. ಅದು ಎಳೆಯದರಲ್ಲೇ ಪಕ್ಕದ ಗಿಡದ ಬೇರಿಗೆ ಬಾಯಿ ಹಾಕಿ ಬದುಕುವ ಅರೆ ಪರಾವಲಂಬಿ. ಹೊಂಗೆ ಅದಕ್ಕೆ ಒಗ್ಗುವ ಆಸರೆ ಮರ. ಅತ್ತಿ ಮೇಲೆ ಕೋಗಿಲೆ, ಪಕ್ಕದಲ್ಲಿ ಹೊಂಗೆ ಇದ್ದರೆ ಗಂಧ ತಾನಾಗೇ ಹುಟ್ಟುವ ಜಾಗ ಅದು. ಉಳಿಯುತ್ತದೋ ಕಳ್ಳರ ಪಾಲಾಗುತ್ತದೋ, ಅದು ಬೇರೆ ಲೇಖನ.

ಜಾತಿಯಷ್ಟೇ ಮುಖ್ಯ ಅಂತರ. ಹೊಂಗೆಯನ್ನೇ ಮೂರು ಮೀಟರಿಗೆ ಒಂದರಂತೆ ಒತ್ತಾಗಿ ನೆಟ್ಟರೆ ಎಂಟು ಹತ್ತು ವರ್ಷದಲ್ಲಿ ಚಪ್ಪರ ಕೂಡಿಕೊಂಡು ಕೆಳಗೆ ಕತ್ತಲೆ. ಆಗ ಹೊಂಗೆ ಬುಡವೂ ಬೋಳೇ. ಹತ್ತು ಹನ್ನೆರಡು ಮೀಟರ್ ಬಿಟ್ಟರೆ ನಡುವೆ ಬಿಸಿಲಿನ ಕಿಂಡಿ ಉಳಿಯುತ್ತದೆ. ನಾನು ನೋಡಿದ ಮಟ್ಟಿಗೆ ಗಿಡಗಳ ಬಗೆ ಅತಿ ಹೆಚ್ಚು ಇರುವುದು ಕಾಂಡದ ಬುಡದಲ್ಲಲ್ಲ, ನೆರಳು ಬಿಸಿಲು ಕೂಡುವ ಅಂಚಿನಲ್ಲಿ. ಈಗ ಊರೂರಲ್ಲೂ ಮಿಯಾವಾಕಿ ಕಾಡಿನ ಹುಚ್ಚು. ಒಂದು ಚದರ ಮೀಟರಿಗೆ ಮೂರು ನಾಲ್ಕು ಸಸಿ. ಶಾಲೆಯ ಮೂಲೆಗೆ, ಕಾರ್ಖಾನೆ ಅಂಗಳಕ್ಕೆ ಅದು ಸರಿ ಇರಬಹುದು. ರಸ್ತೆ ಅಂಚಿಗೆ ತಂದರೆ ಅಜ್ಜಿಗೆ ಸೊಪ್ಪೂ ಇಲ್ಲ, ಕಾಲಿಡಲು ಜಾಗವೂ ಇಲ್ಲ.

ಜಾಗವನ್ನೂ ನೋಡಬೇಕು. ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣದ ನಾಲೆ ಬಯಲಿನಲ್ಲಿ ನೆಲದಡಿ ತೇವ ಇರುತ್ತದೆ. ಅಲ್ಲಿ ನೇರಳೆ, ಅತ್ತಿ, ಹೊಂಗೆ ಸುಖವಾಗಿರುತ್ತವೆ. ನಾಗಮಂಗಲದ ಒಣ ಕಲ್ಲು ನೆಲಕ್ಕೆ ಬೇವು, ಬಾಗೆ, ಕಕ್ಕೆ ಸರಿ. ಅಲ್ಲಿ ಮೊದಲಿಂದ ಇದ್ದದ್ದು ಕುರುಚಲು ಮತ್ತು ಹುಲ್ಲು, ಆವರಿಕೆ, ಬಂದರಿಕೆ, ಕಾರೆ. ಅಂಥ ಕಡೆ ರಸ್ತೆ ಬದಿಯ ಪ್ರತಿ ಗೇಣಿನಲ್ಲೂ ಮರ ಇರಲೇಬೇಕು ಎಂಬ ಹಟವೇ ತಪ್ಪು. ಸ್ವಲ್ಪ ದೂರ ಆವರಿಕೆಯ ಹಳದಿ ಹೂವಿಗೆ ಬಿಟ್ಟುಬಿಟ್ಟರೆ ಏನು ನಷ್ಟ?

ಒಂದು ಎಚ್ಚರಿಕೆ. ದೊಡ್ಡ ಹೆದ್ದಾರಿಯ ಪಕ್ಕದ ಸೊಪ್ಪು ತಿನ್ನಲು ಬೇಡ. ಸೀಸ ಬೆರೆಸಿದ ಪೆಟ್ರೋಲ್ 2000ರಲ್ಲೇ ನಿಂತರೂ ಹಳೇ ರಸ್ತೆಗಳ ಮಣ್ಣಿನಿಂದ ಸೀಸ ಅಷ್ಟು ಬೇಗ ಹೋಗುವುದಿಲ್ಲ. ಟೈರಿನ ಪುಡಿ, ಡೀಸೆಲ್ ಮಸಿ ಬೇರೆ. ಅಜ್ಜಿಯರಿಗೆ ಇದು ಹೇಳಿಕೊಡಬೇಕಾಗಿಲ್ಲ. ಅವರು ಹೋಗುವುದು ಊರಿನ ಒಳರಸ್ತೆಗೆ, ನಾಲೆ ಏರಿಗೆ. ಹೆದ್ದಾರಿ ಅಂಚಿನ ಗಿಡಗಂಟಿಗೆ ಬೇರೆ ಕೆಲಸ ಇದೆ: ಮಣ್ಣು ಹಿಡಿಯುವುದು, ಜೇನಿಗೆ ಹೂ ಕೊಡುವುದು, ಪಾರ್ಥೇನಿಯಂಗೆ ಜಾಗ ಬಿಡದಿರುವುದು.

ಸರಿಯಾದ ಮರ ನೆಟ್ಟ ಮೇಲೂ ಬುಡ ಹಾಳು ಮಾಡುವ ದಾರಿ ಹಲವು. ತರಗು ಗುಡಿಸಿ ಮರದ ಬುಡದಲ್ಲೇ ಬೆಂಕಿ ಹಚ್ಚುವುದು ಮೊದಲನೆಯದು. ಮಣ್ಣಿನ ಮೇಲ್ಪದರದ ಬೀಜವೆಲ್ಲ ಸುಟ್ಟುಹೋಗುತ್ತದೆ. 2015ರಲ್ಲಿ, 2016ರಲ್ಲಿ ದೇಶದ ಅತಿ ಸ್ವಚ್ಛ ನಗರ ಎನಿಸಿಕೊಂಡ ಊರು ನಮ್ಮ ಮೈಸೂರು. ಹೆಮ್ಮೆಯೇ. ಆದರೆ ಆ ಹೆಮ್ಮೆಯಲ್ಲಿ ಮರದಡಿಯ ತರಗನ್ನೂ ಕಸ ಎಂದೇ ಎಣಿಸಿದೆವು. ಪ್ಲಾಸ್ಟಿಕ್ ಗುಡಿಸುವ ಪೊರಕೆಯೇ ಹೊಂಗೆ ಎಲೆಯನ್ನೂ ಗುಡಿಸಿತು. ನಮ್ಮ ಬೀದಿಯ ಕೊನೆಯಲ್ಲಿ ಎರಡು ಮರಗಳ ಬುಡಕ್ಕೆ ಸಿಮೆಂಟ್ ಕಟ್ಟೆ ಕಟ್ಟಿ ಟೈಲ್ಸ್ ಹಾಕಿದ್ದಾರೆ. ಕೂರಲು ಚೆನ್ನಾಗಿದೆ. ಗರಿಕೆ ಮಾತ್ರ ಟೈಲ್ಸ್‌ನ ಬಿರುಕಿನಲ್ಲಿ ಬದುಕಿದೆ.

ಕಳೆದ ಆಗಸ್ಟ್‌ನಲ್ಲಿ ಹೊಸದಾಗಿ ಗಿಡ ನೆಟ್ಟ ಒಂದು ರಸ್ತೆಯಲ್ಲಿ ಕಳೆ ತೆಗೆಯುವ ಕೆಲಸ ನಡೆಯುತ್ತಿತ್ತು. ನಿರ್ವಹಣೆಯ ಬಿಲ್ಲಿನಲ್ಲಿ ಅದೂ ಒಂದು ಬಾಬತ್ತು. ಪ್ರತಿ ಸಸಿಯ ಸುತ್ತ ಒಂದು ಮೀಟರ್ ವೃತ್ತ ಕೆತ್ತಿ, ಮಣ್ಣು ಸಡಿಲಿಸಿ, ಪಾತಿ ಮಾಡಬೇಕು. ಸಸಿ ಚಿಕ್ಕದಿರುವಾಗ ಅದು ಬೇಕಾದ ಕೆಲಸವೇ. ಆದರೆ ಅಲ್ಲಿ ಸಾಲಿನ ಉದ್ದಕ್ಕೂ, ಬೇಲಿಯಿಂದ ಡಾಂಬರಿನವರೆಗೆ, ಪೂರ್ತಿ ನೆಲವನ್ನೇ ಕೆತ್ತುತ್ತಿದ್ದರು. ಎಲ್ಲ ಯಾಕೆ ಎಂದು ಮೇಸ್ತ್ರಿಯನ್ನು ಕೇಳಿದೆ. ‘ನೀಟಾಗಿ ಕಾಣ್ಬೇಕು ಸಾರ್, ಇಲ್ದಿದ್ರೆ ಫೋಟೊ ಪಾಸಾಗಲ್ಲ’ ಎಂದರು. ಕೆತ್ತಿದ ಗಿಡಗಳು ರಸ್ತೆ ಪಕ್ಕ ರಾಶಿ ಬಿದ್ದಿದ್ದವು. ಕೆಲಸ ಮುಗಿಸಿ ಹೊರಟ ಹೆಂಗಸರಲ್ಲಿ ಇಬ್ಬರು ಆ ರಾಶಿಯ ಮುಂದೆ ಕೂತರು. ಅಣ್ಣೆ, ಕೊಮ್ಮೆ, ಗಣಿಕೆಯನ್ನು ಬೇರೆ ಮಾಡಿ, ಬೇರಿನ ಮಣ್ಣು ಕೊಡವಿ, ಸೆರಗಿನ ಮಡಿಲಿಗೆ ತುಂಬಿಕೊಂಡರು.